ಸ್ಟಿಯರಿಂಗಿಗೆ ಕಟ್ಟಿದ ಬಟ್ಟೆ

ಇತ್ತು ಅನ್ನಿಸುತ್ತದೆ. ಇರಲಿಲ್ಲ ಅಂತಲೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಒಂದೇ ಮಾತನ್ನು ನೂರು ಸಲ ಹೇಳಿದರೆ ಅದಕ್ಕೆ ತಕ್ಕ ಚಿತ್ರವನ್ನು ತಲೆ ತಾನೇ ಬರೆದುಕೊಳ್ಳುತ್ತದೆ. ಹಾಗಾಗಿ ಈಗ ಕಣ್ಣು ಮುಚ್ಚಿದರೆ ಏನೂ ಕಟ್ಟಿರದ ಸ್ಟಿಯರಿಂಗ್ ಕಾಣುತ್ತದೆ. ಅದನ್ನು ನಂಬುವುದು ಹೇಗೆ? ಆ ವರ್ಷ ಎಪ್ಪತ್ತೊಂಬತ್ತೋ ಎಂಬತ್ತೋ ಎಂಬುದೂ ಸರಿಯಾಗಿ ನೆನಪಿಲ್ಲ. ಶುಕ್ರವಾರ ಎಂಬುದು ಮಾತ್ರ ಖಂಡಿತ. ಏಕೆಂದರೆ ಹತ್ತೂವರೆಗೆ ರಾಹುಕಾಲ ಶುರುವಾಗುತ್ತಿತ್ತು.

ನಮ್ಮದು ಅಜ್ಜಂಪುರದಲ್ಲಿ ಕೊಬ್ಬರಿ ವ್ಯಾಪಾರದ ಮನೆ. ದೊಡ್ಡಪ್ಪ ಮನೆಯ ಯಜಮಾನರು. ಅವರ ಹಳೆಯ ಪಿಕಪ್ಪನ್ನು ನಾನು ಓಡಿಸುತ್ತಿದ್ದೆ. ಓದು ಹತ್ತದ ನನಗೆ ಆ ಮನೆಯಲ್ಲಿ ಇದ್ದ ಬೆಲೆಯೆಲ್ಲ ಆ ಸ್ಟಿಯರಿಂಗಿನಿಂದ ಬಂದದ್ದು. ನಮಗಿಂತ ಮುಂಚೆ ಇದ್ದವರು ಯಾರೋ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಅದು ಹೊಗೆ ಕಾರಿ ಕಾರಿ, ಕೊನೆಗೆ ಖಾಲಿ ಗಾಡಿಯಲ್ಲೂ ದಿಬ್ಬ ಹತ್ತದ ಹಾಗಾಯಿತು.

ಕೆಲಸ ಹಿಡಿದವನು ಲೋಕಾಚಾರಿ. ಚೌಳಹಿರಿಯೂರಿನ ಕಮ್ಮಾರರ ಮನೆಯವನು. ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಬೇರೆಯವರ ಕೈಕೆಳಗೆ ಬಹಳ ದಿನ ದುಡಿದು, ಆಗ ತಾನೇ ಕಡೂರಿನಲ್ಲಿ ಸ್ವಂತ ತಗಡಿನ ಶೆಡ್ ಹಾಕಿದ್ದ. ಪೂರ್ತಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಅವನ ಒಬ್ಬನ ಕೈಗೆ ಬಂದದ್ದು ಅದೇ ಮೊದಲು. "ನಿಮ್ ಗಾಡಿ ಮೂರೂರಲ್ಲಿ ತಿರುಗ್ತೈತೆ ಸಿದ್ದೇಶಣ್ಣ. ಇದು ಓಡಿದ್ರೆ ನನ್ ಶೆಡ್ ಓಡಿದಂಗೆ" ಎಂದಿದ್ದ.

ನಮ್ಮ ಹಿತ್ತಲಿನ ಹುಣಸೆಮರದ ಕೆಳಗೆ ಮೂರು ಗಳ ನಿಲ್ಲಿಸಿ, ಸರಪಳಿ ರಾಟೆ ಕಟ್ಟಿ ಎಂಜಿನ್ ಎತ್ತಿದೆವು. ಅದು ಈರುಳ್ಳಿ ಲಾರಿಯಲ್ಲಿ ಕಡೂರಿಗೆ ಹೋಯಿತು. ಮೂರೋ ನಾಲ್ಕೋ ವಾರದ ಮೇಲೆ ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕಿಸಿಕೊಂಡು, ಬಣ್ಣ ಬಳಿಸಿಕೊಂಡು ವಾಪಸ್ ಬಂತು. ಕೂರಿಸಲು ಒಂದು ಹಗಲು ಪೂರ್ತಿ ಹಿಡಿಯಿತು. ನಾನು ಸರಪಳಿ ಹಿಡಿದಿದ್ದೆ, ಅವನು ಗಾಡಿಯ ಕೆಳಗೆ ಮಲಗಿದ್ದ. "ಇಳಿಸಿ, ಇನ್ನೊಂದ್ ಚೂರು. ಅಯ್ಯೋ ಸಾಕು ಕಣಣ್ಣ, ಎದೆ ಮೇಲೆ ಕೂರಿಸ್ತೀರಾ ಏನು!" ಎಂದು ನಗುತ್ತಿದ್ದ. ಗೇರ್‌ಬಾಕ್ಸಿನ ಶಾಫ್ಟು ತನ್ನ ಜಾಗಕ್ಕೆ ಸರಿದು ಕೂತಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ನಾವಿಬ್ಬರೂ ಸ್ನೇಹಿತರಾಗಿದ್ದೆವು ಎಂದು ಹೇಳಬಹುದಾದರೆ ಅದು ಆ ಹೊತ್ತಿನಲ್ಲಿ.

ಅವನದೊಂದು ಪದ್ಧತಿ ಇತ್ತು. ಕೆಲಸ ಏನಾದರೂ ಬಾಕಿ ಇದ್ದರೆ ಗಾಡಿ ಬಿಟ್ಟುಹೋಗುವ ಮುಂಚೆ ಸ್ಟಿಯರಿಂಗಿಗೆ ಒಂದು ಕೈ ಒರೆಸುವ ಬಟ್ಟೆ ಕಟ್ಟುತ್ತಿದ್ದ. ಮುಟ್ಟಬೇಡಿ, ಇನ್ನೂ ಮುಗಿದಿಲ್ಲ ಎಂದು ಅರ್ಥ. ಎತ್ತಿನ ಗಾಡಿಯ ಚಕ್ರ ಕಳಚದ ಹಾಗೆ ಕಡಾಣಿ ಹಾಕುವುದು ಬಾಕಿ ಇದ್ದರೆ ಅವನ ಅಪ್ಪ ನೊಗಕ್ಕೆ ಹಾಗೆ ಬಟ್ಟೆ ಕಟ್ಟುತ್ತಿದ್ದನಂತೆ. ಇದನ್ನು ಅವನೇ ನನಗೆ ಹೇಳಿದ್ದ. ಆದ್ದರಿಂದ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ.

ಗುರುವಾರ ಸಂಜೆ ಅವನು ಎಂಜಿನ್ನಿಗೆ ಆಯಿಲ್ ಸುರಿಯುವುದನ್ನು ನೋಡಿದೆ. ಅದು ಒಳಗೆ ತೊಳೆಯಲು ಹಾಕಿದ ಆಯಿಲ್ ಎಂದು ಆಮೇಲೆ ಗೊತ್ತಾಯಿತು. ಶುಕ್ರವಾರ ಬೆಳಗಾಗುತ್ತಲೇ ಅದನ್ನು ಪೂರ್ತಿ ಇಳಿಸಿ, ಹೊಸ ಆಯಿಲ್ ತರಲು ಮೊದಲ ಬಸ್ಸಿಗೆ ತರೀಕೆರೆಗೆ ಹೋದ. ಆಗ ನಾನು ಸ್ನಾನಕ್ಕೆ ಹೋಗಿದ್ದೆ. ಆಚಾರಿ ತರೀಕೆರೆಗೆ ಹೋಗಿದ್ದಾನೆ, ಒಂಬತ್ತಕ್ಕೆ ಬರುತ್ತಾನೆ ಎಂದಷ್ಟೇ ಮನೆಯಲ್ಲಿ ಹೇಳಿದರು.

ಪೂಜೆಗೆಂದು ನಾನು ಗಾಡಿ ತೊಳೆದೆ. ಒಳಗೆ ಸೀಟು ಒರೆಸಿದೆ, ಸ್ಟಿಯರಿಂಗ್ ಒರೆಸಿದೆ. ಮುಂದೆ ಇಟ್ಟಿದ್ದ ಅಂತರಘಟ್ಟಮ್ಮನ ಫೋಟೋಗೆ ಹೂವು ಮುಡಿಸಿದೆ. ಸ್ಟಿಯರಿಂಗಿಗೂ ಒಂದು ಮೊಳ ಹೂವು ಸುತ್ತಿದೆ. ದೊಡ್ಡಪ್ಪ ಮಡಿಯುಟ್ಟು ಬಂದು ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದು ವಿಭೂತಿ ಹಚ್ಚಿದರು, ಮಂಗಳಾರತಿ ಎತ್ತಿದರು. ಒಂಬತ್ತಾಯಿತು, ಹತ್ತಾಯಿತು. ಆಚಾರಿ ಬರಲಿಲ್ಲ.

"ಲೇ ಸಿದ್ದೇಶ, ಇನ್ನೇನು ರಾಹುಕಾಲ ಬಂತು. ನೀನು ಕೀ ತಿರುಗ್ಸು."

"ಆಚಾರಿ ಬಂದ್ಬಿಡ್ಲಿ ದೊಡ್ಡಪ್ಪ."

"ಗಾಡಿ ನಮ್ದೋ ಆಚಾರೀದೋ? ಇಷ್ಟ್ ವರ್ಷ ಓಡಿಸಿದೀಯ, ಕೀ ತಿರುಗ್ಸಕ್ಕೂ ಅವನೇ ಬರ್ಬೇಕೇನೋ?"

ಪೂಜೆಗೆ ಸೇರಿದ್ದ ಮಂದಿ ನಕ್ಕರು. ಡ್ರೈವರ್ ಆದವನು ಬಾನೆಟ್ ಎತ್ತಿ, ಕಡ್ಡಿ ಎಳೆದು ಆಯಿಲ್ ನೋಡಬೇಕು. ಹಸಿ ವಿಭೂತಿಯ ಮೇಲೆ ಕೈ ಹಾಕಲು ಮನಸ್ಸಾಗಲಿಲ್ಲ. ಆಯಿಲ್ ಹಾಕಿದ್ದನ್ನು ಸಂಜೆ ಕಣ್ಣಾರೆ ನೋಡಿದ್ದೆನಲ್ಲ ಎಂದುಕೊಂಡೆ. ಆಯಿಲ್ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ವರ್ಷವಾಗಿತ್ತು.

ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿಯಿತು. ಅಷ್ಟು ಹದವಾದ ಶಬ್ದವನ್ನು ಆ ಗಾಡಿಯಲ್ಲಿ ನಾನು ಕೇಳಿರಲಿಲ್ಲ. ಇದು ಕೂಡ ಆಮೇಲೆ ಸೇರಿಕೊಂಡ ನೆನಪಿರಬಹುದು. ನಿಂಬೆಹಣ್ಣು ತುಳಿಸಿದೆ. "ಊರ ಹೊರಗಿನ ಗುಡಿವರೆಗೂ ಹೋಗಿ ಬರೋಣ ನಡಿ" ಎಂದು ದೊಡ್ಡಪ್ಪ ಪಕ್ಕದಲ್ಲಿ ಹತ್ತಿ ಕೂತರು.

ತರೀಕೆರೆ ರಸ್ತೆಯಲ್ಲಿ ಗುಡಿ ಕಾಣುವಷ್ಟರಲ್ಲಿ ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಶಬ್ದ ಬಂತು. ನಾನು ಕಾಲು ತೆಗೆಯುವ ಮೊದಲೇ ಎಂಜಿನ್ ಕಿರುಚಿ, ಗಕ್ಕನೆ ಹಿಡಿದುಕೊಂಡು ನಿಂತುಬಿಟ್ಟಿತು. ಸುಟ್ಟ ಕಬ್ಬಿಣದ ವಾಸನೆ. ಸ್ವಲ್ಪ ಹೊತ್ತಿಗೆ ತರೀಕೆರೆ ಬಸ್ ಎದುರಿಗೆ ಬಂದು ನಿಂತಿತು. ಲೋಕಾಚಾರಿ ಆಯಿಲ್ ಡಬ್ಬ ಹಿಡಿದು ಇಳಿದ. ದಾರಿಯಲ್ಲಿ ಬಸ್ಸಿನ ಟೈರ್ ಪಂಚರ್ ಆಗಿತ್ತಂತೆ.

ಅವನು ನೇರವಾಗಿ ಬಂದು ಬಾನೆಟ್ ಎತ್ತಿದ. ವಿಭೂತಿ ಅವನ ಅಂಗೈಗೆ ಮೆತ್ತಿತು. ಕಡ್ಡಿ ಎಳೆದು ಬೆಳಕಿಗೆ ಹಿಡಿದ. ಅದು ಒಣಗಿತ್ತು.

"ಆಯಿಲ್ ಇರ್ಲಿಲ್ಲ ಕಣಣ್ಣ. ಬಟ್ಟೆ ಕಟ್ಟಿದ್ನಲ್ಲ. ಬಟ್ಟೆ ಎಲ್ಲಿ?"

"ಯಾವ ಬಟ್ಟೆನೋ?" ಎಂದರು ದೊಡ್ಡಪ್ಪ. "ಲೇ ಸಿದ್ದೇಶ, ಬಟ್ಟೆ ಇತ್ತೇನೋ?"

"ಇಲ್ಲ ದೊಡ್ಡಪ್ಪ. ನಾನ್ ನೋಡ್ಲಿಲ್ಲ."

ಇವು ಎರಡು ಮಾತು. ಎರಡನೆಯದು ನಿಜವಿರಬಹುದು. ಮೊದಲನೆಯದನ್ನು ಯಾಕೆ ಹೇಳಿದೆ ಎಂದರೆ, ಇತ್ತು ಎಂದಿದ್ದರೆ ಆ ಹೊತ್ತಿಗೇ ಕೀ ನನ್ನ ಕೈಯಿಂದ ಹೋಗುತ್ತಿತ್ತು.

"ಆಯಿಲ್ ಹಾಕೋದ್ನೇ ಮರ್ತು ಬಟ್ಟೆ ಕಥೆ ಹೇಳ್ತೀಯೇನಪ್ಪಾ ಆಚಾರಿ" ಎಂದು ದೊಡ್ಡಪ್ಪ ಬಸ್ಸಿನವರಿಗೆಲ್ಲ ಕೇಳುವ ಹಾಗೆ ಹೇಳಿದರು. ಕಿಟಕಿಗಳಲ್ಲಿ ತಲೆಗಳಿದ್ದವು. ಲೋಕಾಚಾರಿ ನನ್ನನ್ನೇ ನೋಡುತ್ತಿದ್ದ. ನಾನು ಗುಡಿಯ ಕಡೆ ನೋಡಿದೆ.

ಆ ಬಸ್ಸು ಹೋದಲ್ಲೆಲ್ಲ ಮಾತು ಹೋಯಿತು. ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ, ಕಡೂರಿನ ಟೀ ಅಂಗಡಿಗಳಲ್ಲಿ ಅವನಿಗೆ ಒಣ ಆಚಾರಿ ಎಂದು ಹೆಸರಿಟ್ಟರು. ನಾನೂ ಒಂದೆರಡು ಸಲ ಅಂದಿದ್ದೇನೆ, ನಕ್ಕಿದ್ದೇನೆ. ನಮ್ಮ ಎಂಜಿನ್ನನ್ನು ಬೇರೆಯವರು ಕಟ್ಟಿದರು. ಅವನ ಶೆಡ್ಡಿಗೆ ಗಾಡಿಗಳು ಬರಲಿಲ್ಲ.

ಕೆಲವು ತಿಂಗಳ ಮೇಲೆ ಕಡೂರಿನಲ್ಲಿ ಅವನೇ ನನ್ನನ್ನು ಕರೆದು ನಿಲ್ಲಿಸಿದ. ಜಗಳಕ್ಕೆ ಬಂದ ಎಂದುಕೊಂಡೆ. "ಸಿದ್ದೇಶಣ್ಣ, ಒಂದೇ ಮಾತು ಹೇಳ್ಬಿಡಿ. ನಾನು ಬಟ್ಟೆ ಕಟ್ಟಿದ್ನೋ ಇಲ್ವೋ? ಎಲ್ರೂ ಅಂದೂ ಅಂದೂ ನನಗೇ ಈಗ ಅನುಮಾನ ಬಂದೈತೆ. ಕೈ ಗಂಟು ಹಾಕಿದ್ದು ನೆನಪೈತೆ. ಆದ್ರೆ ಅದು ಅವತ್ತಿಂದೋ, ಬೇರೆ ದಿನದ್ದೋ ಗೊತ್ತಾಗ್ತಿಲ್ಲ."

"ನನಗೇನೂ ನೆನಪಿಲ್ಲ ಆಚಾರಿ" ಎಂದೆ. ಅವನು "ಆಗ್ಲಿ ಬಿಡಿ" ಎಂದು ಹೋದ. ಮುಂದಿನ ಸಲ ಆ ದಾರಿಯಲ್ಲಿ ಬಂದಾಗ ಶೆಡ್ಡಿನಲ್ಲಿ ಯಾರೋ ಈರುಳ್ಳಿ ಹರವಿದ್ದರು. ಆಚಾರಿ ಹರಿಹರಕ್ಕೆ ಹೋದ ಎಂದರು ಒಬ್ಬರು. ಇನ್ನೊಬ್ಬರು ಬೇರೆ ಊರು ಹೇಳಿದರು.

ಐದಾರು ವರ್ಷದ ಮೇಲೆ ಪಿಕಪ್ಪನ್ನು ಗುಜರಿಗೆ ಹಾಕಿದೆವು. ಸೀಟು ಕಿತ್ತಾಗ ಕೆಳಗೆ ಒಂದು ಬಟ್ಟೆ ಸಿಕ್ಕಿತು. ಗ್ರೀಸ್ ಒಣಗಿ ಗಟ್ಟಿಯಾಗಿತ್ತು, ಗಂಟಿನ ಸುಕ್ಕು ಹಾಗೇ ಉಳಿದಿತ್ತು. ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸರಿಯಾಗಿ ಕೂಡಿಬರುತ್ತದೆ. ಆದರೆ ಅದೇ ಸೀಟಿನ ಕೆಳಗೆ ಅಂಥವು ಇನ್ನೂ ಏಳೆಂಟಿದ್ದವು. ಅವುಗಳಲ್ಲಿ ಕೆಲವಕ್ಕೆ, ಏನೇನೋ ಕಟ್ಟಲು, ಗಂಟು ಹಾಕಿದವನು ನಾನೇ.

ಆ ಬೆಳಿಗ್ಗೆ ಸ್ಟಿಯರಿಂಗ್ ಒರೆಸಿದ್ದು ನಾನೊಬ್ಬನೇ. ಬಟ್ಟೆ ಇದ್ದಿದ್ದರೆ, ಹೂವು ಸುತ್ತುವಾಗ ಇದೇನು ಕೊಳಕು ಎಂದು ಬಿಚ್ಚಿ ಎಸೆದದ್ದು ಈ ಕೈಗಳೇ. ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ರಸ್ತೆಯ ಮೇಲೆ ನನಗೆ ಗೊತ್ತಿಲ್ಲ ಎಂಬ ಎರಡು ಪದ ಹೇಳಿದ್ದರೂ ಸಾಕಿತ್ತು. ಲೋಕಾಚಾರಿ ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ, ಅದೂ ಗೊತ್ತಿಲ್ಲ.