ಎದುರಾಳಿಯನ್ನು ಬಯ್ಯದ ಮೇಡಂ

ನಮ್ಮ ಮೇಡಂ ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ತುಸು ಎತ್ತಿ ಹಿಡಿದು, ಎದುರಿನಿಂದ ಬರುವವರೇ ದಾರಿ ಬಿಡಬೇಕು ಎನ್ನುವಂತೆ ದಾಪುಗಾಲು ಹಾಕುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ದೊಡ್ಡದೊಂದು ಬ್ಯಾಂಕಿನ ಮಂಗಳೂರು ಪ್ರಾದೇಶಿಕ ಕಚೇರಿಗೆ ಸೇರಿದ ನಾನು ಅವರ ಕೈಕೆಳಗೆ ಬಂದೆ. ನಮ್ಮ ವ್ಯವಹಾರ ಎಲ್ಲಿ ಸೋರುತ್ತಿದೆ, ಯಾರು ಕಿತ್ತುಕೊಳ್ಳುತ್ತಿದ್ದಾರೆ ಎಂದು ನೋಡುವುದು ನಮ್ಮ ಕೆಲಸ. ಮೇಡಂ ಮೊದಲು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು. ಸಣ್ಣ ತಪ್ಪಿಗೆ ಕೊಂಕಣಿಯಲ್ಲಿ ಬಯ್ಯುತ್ತಿದ್ದರು, ದೊಡ್ಡದಕ್ಕೆ ಇಂಗ್ಲಿಷಿನಲ್ಲಿ.

ಆ ವರ್ಷ ಉರ್ವದ ನಮ್ಮ ಶಾಖೆಯಿಂದ ಗಲ್ಫಿನ ಹಣ ಬರುವ ಮನೆಯವರು ಒಬ್ಬೊಬ್ಬರಾಗಿ ಎದುರಿನ ಸಣ್ಣ ಬ್ಯಾಂಕಿಗೆ ಹೋಗತೊಡಗಿದರು. ಶಾಖೆಯನ್ನೇ ಮುಚ್ಚುವ ಮಾತು ಬಂತು. ಪ್ರಾದೇಶಿಕ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಕಾರಣ ಕೇಳಿದರು. ನಾನು ಎದುರಿನವರ ಜಾಹೀರಾತನ್ನು ದೂರಿ ವರದಿ ಶುರುಮಾಡಿದ್ದೆ.

“ಬಡ್ಡಿ ಎರಡೂ ಕಡೆ ಒಂದೇ ಅಲ್ವಾ? ಹಾಗಾದ್ರೆ ಹೋದದ್ದು ಯಾಕೆ? ಏಳಿ ಮಾರಾಯ್ರೆ, ಹೋದವರನ್ನೇ ಕೇಳುವ,” ಎಂದು ಮೇಡಂ ನನ್ನನ್ನು ಸಿಟಿ ಬಸ್ಸು ಹತ್ತಿಸಿದರು.

ಮೊದಲ ಮನೆಯಲ್ಲಿ ಮಗನನ್ನು ಗಲ್ಫಿಗೆ ಕಳಿಸಿದ ತಾಯಿ. ಬ್ಯಾಂಕಿನವರು ಎಂದಕೂಡಲೇ ತುಳು ಬಿಟ್ಟು ಕನ್ನಡಕ್ಕೆ ಬಂದರು. “ಮಗ ಕಳಿಸಿದ ಡ್ರಾಫ್ಟು ತಂದ್ರೆ ನಿಮ್ಮವರು ನಾಳೆ ಬನ್ನಿ ಅಂತ ಹೇಳ್ತಾರೆ. ನಾಳೆ ಹೋದ್ರೆ ಸಾಹೇಬ್ರು ಇಲ್ಲ. ಎದುರಿನ ಮ್ಯಾನೇಜರು ಮನೆಗೇ ಬಂದು, ಅಮ್ಮ ಎಂತ ಆಗ್ಬೇಕು ಅಂತ ಕೇಳ್ತಾರೆ.”

ಇಡೀ ವಾರ ಹಾಗೆ ಸುತ್ತಿದೆವು. ಕೆಲವರ ದುಡ್ಡು ಚೀಟಿಗೆ, ಕೆಲವರದು ಚಿನ್ನಕ್ಕೆ, ಅಂಚೆ ಕಚೇರಿಗೆ. ಪಣಂಬೂರಿನ ಲಾರಿ ಮಾಲೀಕರು ಸಾಲಕ್ಕೆ ಖಾಸಗಿ ಫೈನಾನ್ಸಿನವರ ಬಳಿ ಹೋಗುತ್ತಿದ್ದರು. ಸಭೆಯಲ್ಲಿ ಮೇಡಂ ಇದನ್ನೆಲ್ಲ ಹೇಳಿದಾಗ ಸಾಹೇಬರ ಮುಖ ಕೆಂಪಾಯಿತು.

“ಇಷ್ಟು ದೊಡ್ಡ ಬ್ಯಾಂಕಿಗೆ ಚೀಟಿಯವರು ಪೈಪೋಟಿಯಾ?”

“ಹೌದು ಸರ್. ದೊಡ್ಡವರು ಅಂತ ಜನ ನಮ್ಮಲ್ಲಿಗೇ ಬರಬೇಕು ಅಂತ ಎಂತ ಉಂಟು?”

“ಹೇಳುವುದು ಸುಲಭ. ನೀವೇ ಆ ಶಾಖೆ ನಡೆಸಿ ತೋರಿಸಿ.”

“ಆರ್ಡರ್ ಕೊಡಿ ಸರ್, ಸೋಮವಾರವೇ ಹೋಗ್ತೇನೆ.”

ಹೋದರು, ಸಾಹೇಬರನ್ನು ಕೇಳಿ ನನ್ನನ್ನೂ ಜೊತೆಗೆ ಕರೆದುಕೊಂಡರು. ಡ್ರಾಫ್ಟುಗಳನ್ನು ತಮ್ಮ ಜವಾಬ್ದಾರಿಯ ಮೇಲೆ ಅದೇ ದಿನ ಪಾಸು ಮಾಡಿದರು. ಕೌಂಟರಿನಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತು ಕೇಳಿಸತೊಡಗಿತು. ಗೊಣಗಿದ ಗುಮಾಸ್ತರನ್ನು ಜೊತೆಗೆ ಕರೆದುಕೊಂಡೇ ಮನೆಮನೆಗೆ ಹೋದರು. ಬಿಟ್ಟುಹೋದ ಬಹಳ ಮಂದಿ ಮರಳಿದರು, ಶಾಖೆ ಉಳಿಯಿತು. ಆ ಮೊದಲ ಮನೆಯ ತಾಯಿ ಮಾತ್ರ ಬರಲೇ ಇಲ್ಲ. “ಎದುರಿನವರು ಅವರನ್ನು ಚೆನ್ನಾಗಿ ನೋಡಿಕೊಳ್ತಾರೆ, ಯಾಕೆ ಬರಬೇಕು?” ಎಂದು ಮೇಡಂ ನಕ್ಕರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನೇ ಆ ಶಾಖೆಯ ಮ್ಯಾನೇಜರ್. ನಿವೃತ್ತರಾದ ಮೇಡಂ ಕದ್ರಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನೋಡಲು ಹೋದಾಗ, ನಮ್ಮ ಪಕ್ಕದ ಕಟ್ಟಡಕ್ಕೆ ಇನ್ನೊಂದು ಬ್ಯಾಂಕು ಬರುತ್ತಿದೆ ಎಂದು ತುಸು ಅಳುಕಿನಿಂದಲೇ ಹೇಳಿದೆ. ಅವರ ಕಣ್ಣು ಅರಳಿತು.

“ಒಳ್ಳೇದಾಯ್ತು ಮಾರಾಯ್ರೆ. ಇನ್ನು ನಿಮಗೆ ಉದಾಸೀನ ಬರ್ಲಿಕ್ಕಿಲ್ಲ.”

ಆ ತಿಂಗಳೇ ತೀರಿಕೊಂಡರು. ಹೊಸ ಬ್ಯಾಂಕು ಬಾಗಿಲು ತೆರೆದ ದಿನ ಅದರ ಮ್ಯಾನೇಜರಿಗೆ ಮೊದಲು ಶುಭ ಕೋರಿದವನು ನಾನೇ. ಕೈಕುಲುಕಿ ಹೊರಬಂದವನು ನೇರವಾಗಿ ಗ್ರಾಹಕರ ಮನೆಗಳತ್ತ ನಡೆದೆ.