ಗೊಂಬೆ ಹಬ್ಬಕ್ಕೆ ಕೊಟ್ಟ ಮೀನು

ಫೈಟರ್ ಮೀನನ್ನು ಉಪ್ಪಿನಕಾಯಿ ಬಾಟಲಿಯಷ್ಟು ಚಿಕ್ಕ ಗಾಜಿನ ಪಾತ್ರೆಯಲ್ಲಿಟ್ಟು ಮೇಜನ್ನು ಸಿಂಗರಿಸಿಕೊಳ್ಳುವವರ ಬಗ್ಗೆ ನನಗೆ ಗೌರವವಿಲ್ಲ. ಆ ಮೀನು ಮೇಲಕ್ಕೆ ಬಂದು ಗಾಳಿ ಕುಡಿಯಬಲ್ಲದು. ಹಾಗಾಗಿ ಅಂಗೈಯಗಲದ ಕೊಳಕು ನೀರಿನಲ್ಲೂ ಬೇಗ ಸಾಯುವುದಿಲ್ಲ. ಬೇಗ ಸಾಯದಿರುವುದನ್ನೇ ಇವರು ಸುಖ ಎಂದುಕೊಂಡಿದ್ದಾರೆ. ಇವರಿಗಿಂತ ಕಡೆಯಾದವರೊಬ್ಬರು ನನ್ನ ಹೆಂಡತಿಯ ಅಣ್ಣ. ಅವರೆದುರು ಬಾಯಿ ಮುಚ್ಚಿ ನಿಂತ ನಾನು ಯಾವ ಸಾಲಿಗೆ ಸೇರುತ್ತೇನೆ ಎಂಬುದನ್ನೂ ಬರೆಯುತ್ತೇನೆ.

ಚೆನ್ನೈನ ವಡಪಳನಿಯ ನಮ್ಮ ಮನೆಗೆ ನೀಲಿ ಫೈಟರ್ ತಂದವಳು ನನ್ನ ಮಗಳು. ಆಗ ಅವಳಿಗೆ ಹನ್ನೆರಡು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಮೀನು ಕೊಳ್ಳುವ ಮೊದಲು ಎರಡು ವಾರ ತೊಟ್ಟಿಯನ್ನು ಅಣಿಗೊಳಿಸಿದಳು. ಎರಡಡಿ ಉದ್ದದ ಗಾಜಿನ ತೊಟ್ಟಿ, ಮೀನು ಹಾರುತ್ತದೆಂದು ಅದಕ್ಕೆ ಮುಚ್ಚಳ, ಉದ್ದ ರೆಕ್ಕೆಗೆ ಆಯಾಸವಾಗದಂತೆ ಮೆಲ್ಲಗೆ ನೀರು ತಿರುಗಿಸುವ ಸ್ಪಂಜಿನ ಫಿಲ್ಟರ್. ಜೊತೆಗೆ ಗಪ್ಪಿ ಬೇಡ ಎಂದಳು; ಅದರ ಬಣ್ಣದ ಬಾಲ ಕಂಡರೆ ಫೈಟರ್ ಇನ್ನೊಂದು ಗಂಡು ಬಂತೆಂದು ಮೇಲೆ ಬೀಳುತ್ತದೆ. ಬಾರ್ಬ್ ಬೇಡ, ಅದು ರೆಕ್ಕೆ ಕಚ್ಚುತ್ತದೆ. ಕೊನೆಗೆ ತಳದಲ್ಲೇ ಮೇಯುವ ಆರು ಪುಟ್ಟ ಕೋರಿ ಮೀನು ಮತ್ತು ಒಂದು ಬಸವನಹುಳು ತಂದಳು. ಅಷ್ಟಾದರೂ, ಜಗಳವಾದರೆ ಬೇರೆ ಮಾಡಲು ಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಪಕ್ಕದಲ್ಲೇ ಇಟ್ಟಿದ್ದಳು. ಅದು ಒಂದು ವರ್ಷ ಖಾಲಿಯಾಗಿಯೇ ಇತ್ತು.

ನವರಾತ್ರಿ ಬಂತು. ಹೆಂಡತಿಯ ಈ ಅಣ್ಣ, ನಮ್ಮ ಭಾವ, ಇದೇ ಊರಿನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯವರು, ಮೈಸೂರಿನ ಕಡೆಯವರು, ಒಂಬತ್ತು ಮೆಟ್ಟಿಲು ಗೊಂಬೆ ಇಡುವವರು. ಹಬ್ಬಕ್ಕೆ ಕೇಳಿದ ವಸ್ತುವನ್ನು ನೆಂಟರು ಇಲ್ಲವೆನ್ನಬಾರದು ಎಂಬುದು ನಮ್ಮಲ್ಲಿ ರೂಢಿ. ಆ ವರ್ಷ ಮೆಟ್ಟಿಲ ಕೆಳಗೆ ರಾಗಿ ಪೈರು ಬೆಳೆಸಿ ಮಾಡಿದ ಪುಟ್ಟ ಪಾರ್ಕಿನ ಕೊಳಕ್ಕೆ ಜೀವಂತ ಮೀನು ಬೇಕಾಗಿತ್ತು.

"ವೇಂಡಾಂಪ್ಪಾ," ಬೇಡಪ್ಪಾ ಎಂದು ಮಗಳು ನನ್ನ ತೋಳು ಹಿಡಿದಳು.

"ಒಂದು ಸಂಜೆ ತಾನೇ? ಅಣ್ಣ ಬಾಯಿಬಿಟ್ಟು ಕೇಳಿದಾನೆ," ಎಂದಳು ಹೆಂಡತಿ.

ನಾನು ಮೀನನ್ನು ಆ ಡಬ್ಬಿಗೆ ಹಾಕಿಕೊಂಡು ಹೊರಟೆ. ಮಗಳು ಜೊತೆಗೆ ಬಂದಳು.

ಅಲ್ಲಿ ಕೊಳವೆಂದರೆ ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆಯ ಉರುಳಿ. ಅದರಲ್ಲಿ ಆಗಲೇ ಒಂದು ಕೆಂಪು ಫೈಟರ್ ಇತ್ತು. ಸೀರೆಯ ಸೆರಗಿನಷ್ಟು ರೆಕ್ಕೆ.

"ಪಟ್ಟದ ಗೊಂಬೆ ಒಂಟಿಯಾಗಿ ಕೂರತ್ತೇನ್ರೀ? ನಿಮ್ಮದು ರಾಜ, ಇದು ರಾಣಿ. ಅಂಗಡೀಲಿ ಎಲ್ಲಕ್ಕಿಂತ ಚೆಂದದ್ದನ್ನೇ ಆರಿಸ್ದೆ," ಎಂದರು ಭಾವ.

ಹೆಣ್ಣು ಫೈಟರ್ ಸಪ್ಪೆ ಬಣ್ಣದ, ಮೊಟಕು ರೆಕ್ಕೆಯ ಮೀನು. ಚೆಂದ ನೋಡಿ ರಾಣಿಯನ್ನು ಆರಿಸಿದರೆ ಬರುವುದು ಗಂಡೇ. ಇದು ನನಗೆ ಗೊತ್ತಿತ್ತು. ಹಿತ್ತಾಳೆಯ ಪಾತ್ರೆ ಮೀನಿಗೆ ವಿಷ ಎಂಬುದೂ ಗೊತ್ತಿತ್ತು.

"ಭಾವ, ಅದು ಗಂಡು ಅನ್ಸತ್ತೆ," ಎಂದೆ. 'ಅನ್ಸತ್ತೆ' ಎಂದೇ ಹೇಳಿದ್ದು, ಚೆನ್ನಾಗಿ ನೆನಪಿದೆ.

"ಇನ್ಶೂರೆನ್ಸ್ ಆಫೀಸಿನವರು ನೋಡಿ, ಮೀನಿನ ಮದುವೆಗೂ ಮೆಡಿಕಲ್ ಕೇಳ್ತಾರೆ!" ಎಂದು ಭಾವ ನನ್ನ ಕೆಲಸವನ್ನೇ ಹಿಡಿದು ಹಾಸ್ಯ ಮಾಡಿದರು.

ಹಾಲಿನ ತುಂಬ ಕೂತಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ. ಅವರು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಅಭಿಷೇಕಕ್ಕೆ ಹಾಲೆರೆದಂತೆ ನೀಲಿ ಮೀನನ್ನು ಉರುಳಿಗೆ ಸುರಿದು, ಖಾಲಿ ಡಬ್ಬಿಯನ್ನು ಮಗಳ ಕೈಗಿತ್ತರು.

ಆಗ ಪಕ್ಕದ ಫ್ಲಾಟಿನ ಹೆಂಗಸು ದೇವರನಾಮ ಶುರು ಮಾಡಿದ್ದರು. ಪಲ್ಲವಿ ಮುಗಿಯುವವರೆಗೆ ಎರಡು ಮೀನೂ ಮುಖಾಮುಖಿ ನಿಂತಿದ್ದವು. ಕಿವಿರಿನ ಮುಚ್ಚಳ ಗಂಟಲ ಸುತ್ತ ಅರಳಿ ನಿಂತಿತ್ತು. ಅನುಪಲ್ಲವಿಗೆ ಕೆಂಪು ನುಗ್ಗಿತು. ನೀಲಿ ಬಾಲದ ಒಂದು ಚೂರು ಕಿತ್ತು ಸೇವಂತಿಗೆ ಎಸಳಿನ ಪಕ್ಕ ತೇಲಿತು.

"ಅಯ್ಯೋ, ಎಷ್ಟು ಅನ್ಯೋನ್ಯವಾಗಿವೆ ನೋಡ್ರೀ!" ಎಂದರು ಒಬ್ಬರು. ಇನ್ನೊಬ್ಬರು ಫೋನಿನಲ್ಲಿ ಹಿಡಿದುಕೊಂಡರು. ಭಾವ ತಲೆದೂಗುತ್ತ ತಾಳ ಹಾಕುತ್ತಿದ್ದರು, ಹಾಡಿಗೋ ಕಾದಾಟಕ್ಕೋ ನನಗೆ ತಿಳಿಯಲಿಲ್ಲ.

ನಾನು ಉರುಳಿಯಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ಹಾಡು ಮುಗಿಯಲಿ ಎಂದು ಕಾಯುತ್ತಿದ್ದೆ.

ಮಗಳು ಕಾಯಲಿಲ್ಲ. ಪಾರ್ಕಿನ ರಾಗಿ ಪೈರನ್ನು ತುಳಿದುಕೊಂಡು ಹೋಗಿ, ಡಬ್ಬಿಯನ್ನು ಉರುಳಿಗೆ ಅದ್ದಿ ನೀಲಿ ಮೀನನ್ನು ಎತ್ತಿಕೊಂಡಳು. ಹಾಡು ನಿಂತಿತು.

"ಪುಟ್ಟೀ, ದೇವರ ಮುಂದೆ ಇದೇನೇ ಇದು!"

"ಮಾಮಾ, ಅದು ರಾಣಿ ಇಲ್ಲೆ. ಅದುವುಂ ರಾಜಾದಾನ್," ಅದೂ ರಾಜನೇ ಎಂದು ಹೇಳಿ ಅವಳು ಹೊರಗೆ ನಡೆದಳು. ಭಾವನ ಹೆಂಡತಿ ಕೊಟ್ಟ ತಾಂಬೂಲ, ಉಸಲಿಯ ಪೊಟ್ಟಣ ಹಿಡಿದು ನಾನು ಹಿಂದೆ ಹೋದೆ.

ನೀಲಿ ಬದುಕಿತು. ಮಗಳು ಗಾಯ ಮಾಯಲೆಂದು ನಾಡಬಾದಾಮಿಯ ಒಣಗಿದ ಎಲೆ ಹಾಕಿ, ದಿನವೂ ನೀರು ಬದಲಿಸಿ ಉಳಿಸಿಕೊಂಡಳು. ಬಾಲ ಮಾತ್ರ ಮೊದಲಿನಷ್ಟು ಬರಲಿಲ್ಲ.

ಆ ಸಂಜೆಯ ಮರುದಿನ ಬೆಳಿಗ್ಗೆಯೇ ಭಾವನ ಫೋನು ಬಂದಿತ್ತು. "ರಾಣಿ ಹೋಗ್ಬಿಟ್ಟಳು ಕಣ್ರೀ. ನಿಮ್ಮ ಮೀನು ಬಹಳ ಒರಟು." ಮೀನಿಗೂ ಸಂಸ್ಕಾರ ಬೇಕೆಂದು ಅವರು ಇನ್ನೂ ಸ್ವಲ್ಪ ಹೊತ್ತು ಹೇಳಿದರು. ನಾನು ಹೂಂಗುಟ್ಟಿದೆ.

ರಾತ್ರಿಯೆಲ್ಲ ಆ ಹಿತ್ತಾಳೆಯಲ್ಲೇ ಉಳಿದಿದ್ದ ಕೆಂಪು ಸತ್ತಿತೆಂದು ಮಗಳಿಗೆ ಹೇಳಿದೆ. ಅವಳು ತೊಟ್ಟಿಯಿಂದ ಕಣ್ಣು ತೆಗೆಯದೆ, ಅದನ್ನೂ ನಾವು ತಂದುಬಿಡಬಹುದಿತ್ತು ಎಂದಳು. ಆ ಮನೆಯ ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿಗಳಿಗೆ ಬರವಿರಲಿಲ್ಲ, ಕೇಳಿದ್ದರೆ ಕೊಡುತ್ತಿದ್ದರು. ನಾನು ಕೇಳಿರಲಿಲ್ಲ. ಉಸಲಿಯನ್ನು ಮಾತ್ರ ಒಂದು ಕಾಳೂ ಚೆಲ್ಲದಂತೆ ಮನೆಗೆ ತಂದಿದ್ದೆ.