ಜಗಲಿಯ ಮೇಲೆ ರಾಯಭಾರಿ

ನನ್ನ ಮಗಳ ಮದುವೆಗೆ ಇನ್ನು ಒಂದೂವರೆ ತಿಂಗಳಿದೆ ಎನ್ನುವಾಗ ಅಮೆರಿಕದ ಒಬ್ಬ ನಿವೃತ್ತ ರಾಯಭಾರಿ ನನ್ನ ಮಾವನ ಊರಿಗೆ ಊಟಕ್ಕೆ ಬಂದರು. ಬೇರೆ ಯಾರಾದರೂ ಆಗಿದ್ದರೆ ಇವೆರಡಕ್ಕೂ ಸಂಬಂಧವಿಲ್ಲ ಎಂದುಕೊಂಡು ನೆಮ್ಮದಿಯಾಗಿರುತ್ತಿದ್ದರು. ನಾನು ಆ ಜಾತಿಯವನಲ್ಲ. ಬಂಗಾರಪೇಟೆಯಿಂದ ಊರಿಗಾಂ ಕಾಲೇಜಿಗೆ ವರ್ಷಗಟ್ಟಲೆಯಿಂದ ಅದೇ ರೈಲಿನಲ್ಲಿ ಹೋಗಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಆದರೂ ಪ್ರತಿ ಬೆಳಿಗ್ಗೆ ಹತ್ತುವ ಮೊದಲು ‘ಇದು ಮಾರಿಕುಪ್ಪಂ ಗಾಡಿ ತಾನೇ?’ ಎಂದು ಒಬ್ಬರನ್ನಾದರೂ ಕೇಳದೆ ನನ್ನ ಕಾಲು ಮೆಟ್ಟಿಲು ಏರುವುದಿಲ್ಲ. ದಿನಾ ಬರುವವರು ಈಗ ಉತ್ತರ ಹೇಳುವುದನ್ನು ಬಿಟ್ಟಿದ್ದಾರೆ, ಸುಮ್ಮನೆ ಸರಿದು ಜಾಗ ಕೊಡುತ್ತಾರೆ.

ಮದುವೆಯೆಂದರೆ ಇಂಥವನಿಗೆ ಹಬ್ಬ. ಛತ್ರದ ನೀರಿನ ಟ್ಯಾಂಕು, ಅಡುಗೆಯವರ ಆರೋಗ್ಯ, ವಾಲಗದವರು ಅದೇ ದಿನ ಇನ್ನೊಂದು ಮದುವೆ ಒಪ್ಪಿಕೊಂಡಿರಬಹುದಾದ ಸಾಧ್ಯತೆ, ಎಲ್ಲದಕ್ಕೂ ಸರದಿಯಂತೆ ನಿದ್ದೆಗೆಡುತ್ತಿದ್ದೆ. ಆದರೆ ಇವೆಲ್ಲ ಹುಸಿ ಚಿಂತೆಗಳೆಂದು ನನಗೂ ಗೊತ್ತಿತ್ತು. ನಿಜವಾದದ್ದು ಒಂದೇ: ಸೋದರಮಾವ.

ನಮ್ಮಲ್ಲಿ ಹುಡುಗಿಯ ಕೈ ಹಿಡಿದು ಧಾರೆಗೆ ಕರೆತರಬೇಕಾದವನು ಸೋದರಮಾವ. ನನ್ನ ಹೆಂಡತಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಆ ಜಾಗದಲ್ಲಿ ನಿಲ್ಲಬಲ್ಲವನು ಅವಳ ದೊಡ್ಡಪ್ಪನ ಮಗನೊಬ್ಬನೇ. ಚಿಕ್ಕಂದಿನಲ್ಲಿ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಕ್ಯಾಸಂಬಳ್ಳಿ ಶಾಲೆಗೆ ಬಿಡುತ್ತಿದ್ದವನು. ಆದರೆ ನನ್ನ ಮಾವನಿಗೂ ಅವರ ಅಣ್ಣನಿಗೂ, ಅಂದರೆ ನನ್ನ ದೊಡ್ಡ ಮಾವನಿಗೂ, ಹನ್ನೆರಡು ವರ್ಷದಿಂದ ಮಾತಿಲ್ಲ. ಊರಿನ ಹಾಲಿನ ಡೈರಿಯ ಅಧ್ಯಕ್ಷಗಿರಿಗೆ ಅಣ್ಣ ನಿಂತಿದ್ದರು, ಒಂದೇ ಮತದಲ್ಲಿ ಸೋತರು. ಮತದಾನದ ದಿನ ನನ್ನ ಮಾವ ಊರಿನಲ್ಲೇ ಇರಲಿಲ್ಲ, ಹಸು ತರಲು ಕಾಮಸಮುದ್ರದ ಕಡೆ ಹೋಗಿದ್ದರು. ಆ ಒಂದು ಮತ ಎಲ್ಲಿ ಹೋಯಿತೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ವರ್ಷ ಒಂದೇ ಮನೆಯ ನಡುವೆ ಗೋಡೆ ಎದ್ದಿತು. ಮುಂದುಗಡೆ ಇನ್ನೊಂದು ಬಾಗಿಲು ಬಂತು.

ದೊಡ್ಡ ಮಾವನ ಮಗ ಕೆಟ್ಟವನಲ್ಲ. ಕೇಳಲು ಹೋದಾಗ ಕಾಫಿ ಕೊಟ್ಟು, ‘ಅಪ್ಪ ಒಂದ್ ಮಾತೇಳ್ಲಿ ಭಾವ, ಓಡ್ ಬತ್ತೀನಿ’ ಎಂದ. ಅಪ್ಪ ಅದೇ ಪಡಸಾಲೆಯಲ್ಲಿ ಕೂತು ರೇಡಿಯೊ ಕೇಳುತ್ತಿದ್ದರು. ಹೇಳಲಿಲ್ಲ. ಮನೆಗೆ ಬಂದು ಹೇಳಿದರೆ ಹೆಂಡತಿ ಹುರುಳಿಕಾಳು ಆರಿಸುವುದನ್ನು ನಿಲ್ಲಿಸದೆಯೇ, ಅಣ್ಣನ ಜಾಗದಲ್ಲಿ ಬೇರೆ ಯಾರನ್ನಾದರೂ ನಿಲ್ಲಿಸಿದರೆ ತಾನು ಮಂಟಪ ಹತ್ತುವುದಿಲ್ಲ ಎಂದಳು. ಅವಳು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಪ್ರಾಂಶುಪಾಲರು ಕರೆದು, ಅಮೆರಿಕದಿಂದ ಯಾರೋ ನಿವೃತ್ತ ರಾಯಭಾರಿ ಮೇಲ್ ಕಳಿಸಿದ್ದಾರೆ, ಕ್ಯಾಸಂಬಳ್ಳಿ ಹತ್ತಿರದ ಒಂದು ಹಳ್ಳಿಯನ್ನು ಇನ್ನೊಮ್ಮೆ ನೋಡಬೇಕಂತೆ, ಅದು ನಿಮ್ಮ ಮಾವನ ಊರಲ್ಲವೇ ಎಂದರು. ಓದುತ್ತಿದ್ದಂತೆ ಗೊತ್ತಾಯಿತು, ಇವರು ‘ಕೋಳಿ ದೊರೆ’!

ಕೋಳಿ ದೊರೆಯ ಕತೆ ನನ್ನ ಹೆಂಡತಿಯ ತವರಿನಲ್ಲಿ ಕೇಳದವರಿಲ್ಲ. ಮಾವ ಮತ್ತು ಅವರ ಅಣ್ಣ ಇನ್ನೂ ಹುಡುಗಾಟದ ವಯಸ್ಸಿನಲ್ಲಿದ್ದಾಗ ಒಬ್ಬ ಎಳೆ ಅಮೆರಿಕನ್ ಹುಡುಗ ನಮ್ಮ ಸರ್ಕಾರದ ಜೀಪಿನಲ್ಲಿ ಬಂದು ಇಳಿದನಂತೆ, ರೈತರಿಗೆ ಬಿಳಿ ಕೋಳಿ ಸಾಕುವುದನ್ನು ಕಲಿಸಲು. ಎರಡು ವರ್ಷ ಅವರ ಮನೆಯ, ಜಗಲಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲೇ ಇದ್ದ. ‘ನಮ್ಮನೆ ಮಗನಂಗೆ ನಮ್ ಜತೇಲೇ ಉಣ್ತಿದ್ದ’ ಎಂದು ಎರಡು ಮನೆಯವರೂ ಬೇರೆ ಬೇರೆಯಾಗಿ, ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಅವನು ಮುಂದೆ ರಾಯಭಾರಿಯಾದ ಸುದ್ದಿ ಯಾವಾಗಲೋ ತಲುಪಿ, ಕತೆಗೆ ಇನ್ನಷ್ಟು ತೂಕ ಬಂದಿತ್ತು.

ಸುದ್ದಿ ಮುಟ್ಟಿಸಿದ ಮರುದಿನವೇ ಗಲಾಟೆ ಶುರು. ಅವನು ಮಲಗುತ್ತಿದ್ದ ಕೋಣೆ ಪಾಲಿನಲ್ಲಿ ನನಗೆ ಬಂದಿದೆ, ಹಾಗಾಗಿ ಮೊದಲ ಊಟ ಇಲ್ಲಿ ಎಂದು ಮಾವ. ಹಿರಿಯನಿರುವಾಗ ಮೊದಲ ಎಲೆ ತಮ್ಮನ ಮನೆಯಲ್ಲಿ ಬೀಳುವುದುಂಟೇ ಎಂದು ದೊಡ್ಡ ಮಾವ. ನಾನು ಎರಡು ಬಾಗಿಲುಗಳ ನಡುವೆ ಓಡಾಡಿದೆ. ಮದುವೆಗೆ ಇದನ್ನೇ ಒಂದು ದಾರಿ ಮಾಡಿಕೊಳ್ಳಬೇಕು ಎಂದು ಹೊರಟವನು, ಇರುವ ದಾರಿಯನ್ನೂ ಮುಚ್ಚಿಕೊಂಡು ಬರುತ್ತಿದ್ದೆ.

ಅವರು ಬಂಗಾರಪೇಟೆಗೆ ರೈಲಿನಲ್ಲೇ ಬಂದರು. ಮೊದಲ ಸಲವೂ ಅಲ್ಲಿಯವರೆಗೆ ರೈಲಿನಲ್ಲೇ ಬಂದಿದ್ದರಂತೆ. ಎಂಬತ್ತರ ಉದ್ದ ಮನುಷ್ಯ, ಕೈಯಲ್ಲಿ ಕೋಲು, ತಲೆಯ ಮೇಲೆ ಬಟ್ಟೆಯ ಟೋಪಿ. ನಾನು ಗೊತ್ತುಮಾಡಿದ್ದ ಕಾರು ಊರಿಗಾಂ ದಾಟುವಾಗ ಗಣಿಯ ಮಣ್ಣಿನ ದಿಬ್ಬಗಳನ್ನು ನೋಡಿ, ಇವು ಆಗ ಇಷ್ಟು ಎತ್ತರವಿರಲಿಲ್ಲ ಎಂದರು. ಆಮೇಲೆ ನನ್ನನ್ನು ನೋಡಿ, ನೀವು ಆಗಲಿಂದ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೀರಿ, ಯಾರಾದರೂ ಬೆನ್ನು ಹತ್ತಿದ್ದಾರೆಯೇ ಎಂದು ಕೇಳಿದರು. ಡಿಕ್ಕಿ ಸರಿಯಾಗಿ ಮುಚ್ಚಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಗೋಡೆ, ಡೈರಿ, ಹಸು, ಸೋದರಮಾವ, ಎಲ್ಲವನ್ನೂ ಹೇಳಿಬಿಟ್ಟೆ. ದೊಡ್ಡ ದೊಡ್ಡ ದೇಶಗಳ ಜಗಳ ಬಿಡಿಸಿದವರು, ಒಂದು ಉಪಾಯ ಹೇಳಿಯಾರು ಎಂಬ ಆಸೆ.

ಅವರು ನಕ್ಕು ತಮ್ಮ ಉದ್ಯೋಗದ ಕತೆ ಹೇಳಿದರು. ಇಲ್ಲಿ ಕೋಳಿಗಳೆಲ್ಲ ಕೊಕ್ಕರೆ ರೋಗಕ್ಕೆ ಸತ್ತ ಮೇಲೆ ಊರಿಗೆ ಹೋಗಿ, ಬೇರೆ ಏನೂ ತೋಚದೆ ವಿದೇಶಾಂಗ ಸೇವೆಯ ಪರೀಕ್ಷೆ ಬರೆದರಂತೆ. ಮೊದಲ ಕೆಲಸ ಒಂದು ಬಂದರು ಪಟ್ಟಣದಲ್ಲಿ, ವೀಸಾ ಕೇಳಿ ಬಂದವರಿಗೆ ದಿನವಿಡೀ ಇಲ್ಲ ಎನ್ನುವುದು. ಆಮೇಲೆ ಒಂದು ಮರಳುಗಾಡಿನ ದೇಶ. ಆಮೇಲೆ ಎಷ್ಟೋ ವರ್ಷ ರಾಜಧಾನಿಯಲ್ಲಿ ಕೂತು ಯಾರೂ ಓದದ ವರದಿಗಳು. ಕೊನೆಗೆ ಪಶ್ಚಿಮ ಆಫ್ರಿಕಾದ ಒಂದು ಪುಟ್ಟ ದೇಶಕ್ಕೆ ರಾಯಭಾರಿ. ಅಲ್ಲಿ ಕಾರಿನ ಮುಂದೆ ಬಾವುಟ ಹಾರುತ್ತಿತ್ತಂತೆ. ಇವರು ಇಳಿದ ಕೂಡಲೇ ಡ್ರೈವರು ಅದಕ್ಕೆ ಚೀಲ ತೊಡಿಸುತ್ತಿದ್ದ, ಇವರು ತರಕಾರಿ ಕೊಂಡು ವಾಪಸು ಬರುವಷ್ಟರಲ್ಲಿ ಮತ್ತೆ ಬಿಚ್ಚುತ್ತಿದ್ದ.

ಆ ದೇಶದಲ್ಲಿ ಕಾದಾಡುತ್ತಿದ್ದ ಎರಡು ಪಂಗಡಗಳನ್ನು ಮಾತಿಗೆ ಕೂರಿಸುವ ಕೆಲಸ ಇವರ ಪಾಲಿಗೆ ಬಂತು. ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಬರಲು ಒಪ್ಪಲಿಲ್ಲ. ಇವರು ಸರ್ಕಾರಕ್ಕೆ ಬರೆದು ಬರೆದು, ಸಭಾಂಗಣದ ಗೋಡೆ ಒಡೆಸಿ ಎರಡನೆಯ ಬಾಗಿಲು ಇಡಿಸಿದರು. ಇಬ್ಬರೂ ಬಂದರು, ಅರ್ಧ ದಿನ ಕೂತರು, ತಂತಮ್ಮ ಬಾಗಿಲಿನಿಂದ ಎದ್ದು ಹೋದರು.

‘ಆಮೇಲೆ?’ ಎಂದೆ.

ಆಮೇಲೆ ಇವರಿಗೆ ವರ್ಗವಾಯಿತು. ಬಾಗಿಲು ಈಗಲೂ ಇದೆಯಂತೆ, ಚಹಾ ತರುವವರು ಅದನ್ನು ಬಳಸುತ್ತಾರಂತೆ.

ನಾನು ಡಿಕ್ಕಿಯ ಕಡೆ ಇನ್ನೊಮ್ಮೆ ತಿರುಗಿ ನೋಡಿದೆ. ಅವರು ಮಾತ್ರ ಆರಾಮಾಗಿ, ಆ ಮನೆಯ ಗೋಡೆ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಕೇಳಿದರು. ಹಿತ್ತಿಲಿನಿಂದ ಮುಂಬಾಗಿಲ ಹೊಸ್ತಿಲವರೆಗೆ ಎಂದೆ. ‘ಜಗಲಿ?’ ಎಂದರು. ಆ ಪದ ಅವರ ಬಾಯಲ್ಲಿ ಸ್ಪಷ್ಟವಾಗಿತ್ತು. ಜಗಲಿ ಹಾಗೇ ಇದೆ, ಅದಕ್ಕೆ ಗೋಡೆ ಹಾಕಿಲ್ಲ ಎಂದು ಹೇಳಿ, ಡ್ರೈವರು ಸರಿಯಾದ ತಿರುವಿನಲ್ಲೇ ತಿರುಗಿದನೋ ಎಂದು ನೋಡಲು ಕತ್ತು ಚಾಚಿದೆ.

ಊರಿಗೆ ಊರೇ ಮನೆ ಮುಂದೆ ಇತ್ತು. ಎರಡು ಬಾಗಿಲಿಗೂ ಮಾವಿನ ತೋರಣ. ಎರಡರ ಒಳಗೂ ಮೇಜು, ಕುರ್ಚಿ, ಬಿಳಿ ಹಾಸು, ಚಮಚ. ಕ್ಯಾಸಂಬಳ್ಳಿಯ ಒಂದೇ ಶಾಮಿಯಾನದ ಅಂಗಡಿಯಿಂದ ಇಬ್ಬರೂ ಗುಟ್ಟಾಗಿ ಬಾಡಿಗೆಗೆ ತಂದಿದ್ದರಿಂದ ಹಾಸಿನ ಅಂಚಿನ ಹೂವು ಕೂಡ ಒಂದೇ. ಮಾವ ತಮ್ಮ ಹೊಸ್ತಿಲಲ್ಲಿ, ದೊಡ್ಡ ಮಾವ ತಮ್ಮ ಹೊಸ್ತಿಲಲ್ಲಿ.

‘ಅಳಿಯಂದ್ರೇ, ಒಳೀಕ್ ಕರ್ಕಂಡ್ ಬನ್ನಿ’ ಎಂದರು ಮಾವ.

‘ಮೇಷ್ಟ್ರೇ, ದೊಡ್ಡೋರ್ ಮನೆ ಯಾವ್ದು ಅಂತ ಅವರ್ಗೆ ತೋರ್ಸಿ’ ಎಂದರು ದೊಡ್ಡ ಮಾವ.

ನನಗೆ ಸರಿಯಾಗಿ ಆಗ ಕಾರಿನ ಡಿಕ್ಕಿಯ ನೆನಪಾಯಿತು. ಅತ್ತ ತಿರುಗಿದೆ. ಮತ್ತೆ ಇತ್ತ ತಿರುಗುವಷ್ಟರಲ್ಲಿ ರಾಯಭಾರಿ ಕೋಲೂರಿಕೊಂಡು ನೇರವಾಗಿ ಜಗಲಿಯ ನಡುಗಂಬದ ಹತ್ತಿರ ಹೋಗಿ, ಗೋಡೆಯಲ್ಲಿದ್ದ ಖಾಲಿ ಗೂಡಿನೊಳಗೆ ಕೈ ಹಾಕಿ ಸವರಿ ನೋಡಿ, ಅಲ್ಲೇ ನೆಲಕ್ಕೆ ಕೂತುಬಿಟ್ಟಿದ್ದರು.

‘ನನ್ ಎಲೆ ಇಲ್ಲಿ’ ಎಂದರು ಕನ್ನಡದಲ್ಲಿ.

ಗುಂಪಿನಲ್ಲಿದ್ದ ಮುದುಕರೆಲ್ಲ ತಲೆ ತಗ್ಗಿಸಿದರು. ಅವರಲ್ಲೊಬ್ಬರು ಪಿಸುಗುಟ್ಟಿದ ಮೇಲೆ ನನಗೆ ಅರ್ಥವಾಯಿತು. ಮಾವನ ತಾಯಿ ಆ ಹುಡುಗನನ್ನು ಎರಡು ವರ್ಷ ಸಾಕಿದ್ದು ನಿಜ, ಬಿಸಿ ಬಿಸಿ ಬಡಿಸಿದ್ದೂ ನಿಜ. ಆದರೆ ಯಾವ ಮಾಂಸ ತಿನ್ನುವವನೋ ಏನೋ ಎಂದು ಒಂದು ದಿನವೂ ಊಟಕ್ಕೆ ಒಳಮನೆಯ ಹೊಸ್ತಿಲು ದಾಟಿಸಿರಲಿಲ್ಲ. ಅವನ ಅಲ್ಯೂಮಿನಿಯಂ ತಟ್ಟೆಯನ್ನು ಅವನೇ ತೊಳೆದು ಆ ಗೂಡಿನಲ್ಲಿ ಇಡಬೇಕಿತ್ತು. ಇವನು ಹೊರಗೆ, ಅಣ್ಣತಮ್ಮಂದಿರು ಒಳಗೆ. ಅವನು ರಾಯಭಾರಿಯಾದ ಮೇಲೆ, ವರ್ಷ ಕಳೆದಂತೆ, ಕತೆಯಲ್ಲಿ ಆ ತಟ್ಟೆ ಮೆಲ್ಲಮೆಲ್ಲಗೆ ಅಡುಗೆಮನೆಗೆ ಬಂದು ಸೇರಿಕೊಂಡಿತ್ತು.

‘ಅಯ್ಯೋ ಬ್ಯಾಡ, ಒಳೀಕ್ ಬನ್ನಿ’ ಎಂದರು ಇಬ್ಬರೂ. ಒಂದೇ ಉಸಿರಿಗೆ, ಒಂದೇ ಮಾತು. ಹಾಗೆಂದದ್ದು ಗೊತ್ತಾಗಿ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿದರು.

ರಾಯಭಾರಿ ನನಗೆ ಇಂಗ್ಲಿಷಿನಲ್ಲಿ, ಅವರನ್ನು ಚುಚ್ಚಲು ಇಲ್ಲಿ ಕೂತಿಲ್ಲ ಎಂದು ಹೇಳಿ, ಎಷ್ಟೋ ಅರಮನೆಗಳಲ್ಲಿ ಊಟ ಮಾಡಿದ್ದೇನೆ, ಎಲ್ಲ ಕಡೆಯೂ ನನ್ನ ಕುರ್ಚಿ ಯಾವುದೆಂದು ಹುಡುಕಬೇಕಾಗುತ್ತಿತ್ತು, ಇಲ್ಲಿ ಮಾತ್ರ ಹುಡುಕಬೇಕಾಗಿರಲಿಲ್ಲ ಎಂದರು. ಇದನ್ನು ಕನ್ನಡಕ್ಕೆ ತಂದರೆ ಚುಚ್ಚು ಮಾತಾಗಿಯೇ ಕೇಳಿಸುತ್ತದೆ ಎಂದು ಹೆದರಿ, ‘ಇಲ್ಲಿ ಗಾಳಿ ಚೆನ್ನಾಗಿದೆಯಂತೆ’ ಎಂದೆ.

‘ಅಷ್ಟುದ್ದ ಮಾತಾಡಿದ್ದು ಗಾಳಿ ವಿಚಾರಾನಾ ಮೇಷ್ಟ್ರೇ?’ ಎಂದರು ದೊಡ್ಡ ಮಾವ.

ಈಗ ಯಾರ ಮನೆಯ ಎಲೆ? ಗಂಡಸರು ಇದನ್ನು ಯೋಚಿಸುತ್ತಾ ನಿಂತಿರುವಾಗ ಓರಗಿತ್ತಿಯರಿಬ್ಬರೂ ತಂತಮ್ಮ ಬಾಗಿಲಿನಿಂದ ಬಂದು, ಒಬ್ಬರು ಎಲೆ ಹಾಸಿ ಮುದ್ದೆ ಇಟ್ಟರು, ಒಬ್ಬರು ನಾಟಿಕೋಳಿ ಸಾರು ಬಿಟ್ಟರು. ಅವರಲ್ಲಿ ಹಿತ್ತಿಲ ಗೋಡೆಯ ಮೇಲಿಂದ ಸಾರು ಕೊಟ್ಟು ತೆಗೆದುಕೊಳ್ಳುವುದು ಒಂದು ದಿನವೂ ನಿಂತಿರಲಿಲ್ಲ ಎಂಬುದು ಅವರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟ ರೀತಿಯಲ್ಲೇ ತಿಳಿಯುತ್ತಿತ್ತು.

ರಾಯಭಾರಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ಅಗಿಯತೊಡಗಿದರು.

‘ಅಗೀಬ್ಯಾಡ ದೊರೆ, ನುಂಗು’ ಎಂದರು ದೊಡ್ಡ ಮಾವ.

‘ಆಗ್ಲೂ ಇಂಗೇ. ಒಂದ್ ಮುದ್ದೆಗೆ ಒಂದೊತ್ತು’ ಎಂದರು ನನ್ನ ಮಾವ, ಕಂಬಕ್ಕೆ.

ದೊಡ್ಡ ಮಾವ ಜಗಲಿಯ ಆ ತುದಿಯಲ್ಲಿ ಕೂತರು. ಮಾವ ಈ ತುದಿಯಲ್ಲಿ. ನಡುವೆ ಎಲೆ, ಅದರ ಪಕ್ಕ ನಾನು. ದೊಡ್ಡ ಮಾವ ನನ್ನ ಕಡೆ ತಿರುಗಿದರು.

‘ಮೇಷ್ಟ್ರೇ, ಆವತ್ತು ಎಲೆಕ್ಷನ್ ದಿನ ಕಾಮಸಮುದ್ರಕ್ಕೆ ಯಾಕೋದ ಅಂತ ಕೇಳಿ ಅವನ್ನ.’

ಮೂರು ಮಾರು ದೂರದಲ್ಲಿದ್ದ ಮಾವನಿಗೆ ಅದು ಚೆನ್ನಾಗಿಯೇ ಕೇಳಿಸಿತ್ತು. ಆದರೂ ನಾನು ತಿರುಗಿ, ಯಾಕೆ ಹೋಗಿದ್ದಿರಿ ಎಂದು ಕೇಳುತ್ತಿದ್ದಾರೆ ಎಂದೆ.

‘ಹಸ ತರಕ್ಕೆ ಅಂತ ಯೋಳಿ. ಇಡ್ಕಂಡ್ ಬಂದಿದ್ದನ್ನ ಅವರೂ ನೋಡವ್ರೆ.’

ಕನ್ನಡದಿಂದ ಕನ್ನಡಕ್ಕೆ ಅನುವಾದಿಸಿದೆ.

‘ನೋಡಿವ್ನಿ. ಒದೆಯೋ ಹಸ ಅದು, ಅದ್ಕೊಂದ್ ಓಟ್ ಕಳೆದ ಅಂತ ಯೋಳಿ.’

ಮಾವ ತಮ್ಮ ಮೊಣಕಾಲಿನ ಮೇಲಿನ ಹಳೆಯ ಗಾಯದ ಗುರುತನ್ನು ಪಂಚೆ ಸರಿಸಿ ತೋರಿಸಿದರು. ಯಾರೋ ಹಿಂದಿನಿಂದ ಕಿಸಕ್ಕೆಂದರು. ದೊಡ್ಡ ಮಾವನ ಮೀಸೆಯೂ ಒಂದಿಷ್ಟು ಅಲುಗಿತು. ರಾಯಭಾರಿ ಮುದ್ದೆಯ ಜೊತೆ ಹೋರಾಡುತ್ತಿದ್ದರು.

‘ಮದುವೆ ಯಾವತ್ತು ಅಂತ ಕೇಳಿ’ ಎಂದರು ದೊಡ್ಡ ಮಾವ.

ಮದುವೆ ನನ್ನ ಮಗಳದು. ಲಗ್ನಪತ್ರಿಕೆಯನ್ನು ಅವರ ಕೈಗೆ ಕೊಟ್ಟವನೂ ನಾನೇ. ಆದರೂ ತಿರುಗಿ ಮಾವನನ್ನು ಕೇಳಿದೆ. ಅವರು ದಿನ ಹೇಳಿದರು. ನಾನು ಮುಟ್ಟಿಸಿದೆ. ದೊಡ್ಡ ಮಾವ ಅಂಗಳದ ಕಡೆ ತಿರುಗಿದರು.

‘ನಮ್ ಹುಡ್ಗ ಬತ್ತಾನೆ ಅಂತ ಯೋಳಿ.’

ಹಿಂದಿರುಗುವಾಗ ಕಾರಿನಲ್ಲಿ ನಾನು ಕುಣಿಯುವುದೊಂದು ಬಾಕಿ. ರಾಯಭಾರಿ ಹೊಟ್ಟೆ ಸವರಿಕೊಳ್ಳುತ್ತಾ, ಊಟದ ಹೊತ್ತಿನಲ್ಲಿ ಕೊಟ್ಟ ಎಷ್ಟೋ ಮಾತುಗಳು ಊಟದ ಜೊತೆಗೇ ಕರಗಿಹೋದದ್ದನ್ನು ನೋಡಿದ್ದೇನೆ, ಅವರು ಬಾಗಿಲಿನಲ್ಲಿ ಕಾಣಿಸುವವರೆಗೆ ನಂಬಬೇಡಿ ಎಂದರು. ಚಿಂತೆ ಮಾಡುವವನಿಗೆ ಹೇಳಬೇಕಾದ ಮಾತೇ ಅದು? ಹೆಂಡತಿಗೆ ಫೋನು ಮಾಡಿದರೆ ಅವಳದ್ದೂ ಅದೇ: ‘ರೀ, ಅಣ್ಣ ಬರ್ತಾನೆ ಅಂದ್ರಾ, ನಾವ್ ಬರ್ತೀವಿ ಅಂದ್ರಾ?’ ದೊಡ್ಡ ಮಾವ ತಮ್ಮ ವಿಷಯ ಏನೂ ಹೇಳಲಿಲ್ಲ ಎಂಬುದು ಆಗಲೇ ನನಗೆ ಹೊಳೆದದ್ದು. ಅಲ್ಲಿಂದ ಒಂದೂವರೆ ತಿಂಗಳು ನಾನು ತಿಂದದ್ದು ಮೈಗೆ ಹತ್ತಲಿಲ್ಲ.

ಮದುವೆಯ ಬೆಳಿಗ್ಗೆ ಛತ್ರದ ಎರಡು ಬಾಗಿಲುಗಳನ್ನೂ ನಾನೇ ನಿಂತು ತೆಗೆಸಿದ್ದೆ. ಒಂದರಲ್ಲಿ ಮಾವ ನಿಂತು ಬಂದವರಿಗೆ ಕೈಮುಗಿಯುತ್ತಿದ್ದರು, ಇನ್ನೊಂದನ್ನು ಖಾಲಿ ಬಿಡಿಸಿದ್ದೆ. ಎರಡರ ನಡುವೆ ಅಡ್ಡಾಡಿ ಅಡ್ಡಾಡಿ ಪಂಚೆಯ ಅಂಚು ಕೆಸರಾಗಿತ್ತು. ಮುಹೂರ್ತ ಹತ್ತಿರ ಬಂತು. ಪುರೋಹಿತರು ಸೋದರಮಾವ ಎಲ್ಲಿ ಎಂದು ಕೂಗಿದರು. ಹೆಂಡತಿ ಮಂಟಪದ ಕೆಳಗೇ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ರಸ್ತೆಗೆ ಓಡಿದೆ, ಯಾರೂ ಇಲ್ಲ.

ವಾಪಸು ಬಂದು ನೋಡಿದರೆ ಮಗಳು ತಲೆ ತಗ್ಗಿಸಿ ಮಂಟಪದ ಕಡೆ ನಡೆಯುತ್ತಿದ್ದಾಳೆ, ಅವಳ ಕೈ ಅವಳ ಸೋದರಮಾವನ ಕೈಯಲ್ಲಿದೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತುತ್ತಿದ್ದಾಳೆ. ಎಲ್ಲಿಂದ ಬಂದ? ಯಾರನ್ನು ಕೇಳಲಿ ಎಂದು ತಿರುಗಿದರೆ ಅಡುಗೆಮನೆಯ ಹಿಂಬಾಗಿಲ ಕಡೆಯಿಂದ ಒಂದು ಪರಿಚಿತ ದನಿ.

‘ಅವನ್ಗೆ ಯೋಳಿ ಮೇಷ್ಟ್ರೇ,’ ಎಂದರು ದೊಡ್ಡ ಮಾವ, ಸೌಟು ಹಿಡಿದ ಅಡುಗೆಯವನ ಪಕ್ಕ ನಿಂತು, ‘ಸಾರಿಗೆ ಉಪ್ಪು ಸಾಲ್ದು.’

ನಾನು ಮುಂಬಾಗಿಲಿಗೆ ಓಡಿ ಮಾವನಿಗೆ ಮುಟ್ಟಿಸಿದೆ. ಆಮೇಲೆ ಉಪ್ಪು ಜಾಸ್ತಿಯಾಗಿಬಿಟ್ಟರೆ ಎಂದು ಚಿಂತೆಯಾಗಿ ಅಡುಗೆಮನೆಗೆ ಓಡಿದೆ.